ಆಟಿಸಂ: ಮನೆಯ ಹೊರೆಯೋ, ನಾಡಿನ ಹೊಣೆಯೋ

ಆಟಿಸಂ ಇರುವ ಮಗು ಹುಟ್ಟುವುದು ಆಯಾ ಮನೆಯ ಹಣೆಬರಹ, ಅದಕ್ಕೆ ಸರ್ಕಾರ ಖರ್ಚು ಮಾಡಿದರೆ ಅದು ಕರುಣೆ, ಮಾಡದಿದ್ದರೆ ಕೇಳುವಂತಿಲ್ಲ ಎಂಬ ಭಾವನೆ ಕರ್ನಾಟಕದ ಹಳ್ಳಿಗಳಲ್ಲಷ್ಟೇ ಅಲ್ಲ, ಓದುಬರಹ ಬಲ್ಲವರ ನಡುವೆಯೂ ಗಟ್ಟಿಯಾಗಿ ಬೇರೂರಿದೆ. ಕಾನೂನಿನ ಮಾತು ಬೇರೆಯೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಏಳು ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂಗೆ ಜಾಗವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿ ಗುರುತಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ ಆಟಿಸಂ ಅನ್ನು ಅದರೊಳಗೆ ಸೇರಿಸಿತು. ಈ ಕಾಯ್ದೆಯ 25ನೇ ಕಲಮು ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ನಡೆಸಬೇಕೆಂದು ಹೇಳಿದರೆ, 31ನೇ ಕಲಮು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಇಲ್ಲವೇ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಹಕ್ಕು ಎಂದು ಬರೆದಿಟ್ಟದ್ದಕ್ಕೆ ಹಣ ಒದಗಿಸುವುದು ದಾನವಲ್ಲ, ಕರ್ತವ್ಯ.

ಆಟಿಸಂ ಅಥವಾ ಸ್ವಲೀನತೆ ಎಂಬುದು ರೋಗವಲ್ಲ. ಮಿದುಳಿನ ಬೆಳವಣಿಗೆ ಹುಟ್ಟಿಗೆ ಮೊದಲೇ ಭಿನ್ನ ದಾರಿ ಹಿಡಿಯುವುದರಿಂದ ಇತರರೊಡನೆ ಬೆರೆಯುವ, ಮಾತು ಮತ್ತು ಸನ್ನೆಗಳಲ್ಲಿ ವ್ಯವಹರಿಸುವ ರೀತಿಯಲ್ಲಿ ಕಾಣಿಸಿಕೊಳ್ಳುವ ವ್ಯತ್ಯಾಸಗಳು, ಜೊತೆಗೆ ಒಂದೇ ಬಗೆಯ ವರ್ತನೆ ಹಾಗೂ ಆಸಕ್ತಿಗಳ ಪುನರಾವರ್ತನೆ ಇದರ ಲಕ್ಷಣ. ಒಂದು ಮಗುವಿಗೆ ಮಾತೇ ಬಾರದಿರಬಹುದು, ಇನ್ನೊಂದು ಮಗು ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠ ಹೇಳುತ್ತಲೇ ಜೊತೆಯವರ ಆಟದೊಳಗೆ ಹೊಗಲಾರದೆ ನಿಲ್ಲಬಹುದು. ಈ ವ್ಯಾಪಕ ವೈವಿಧ್ಯವನ್ನು ಸೂಚಿಸಲೆಂದೇ ಇಂದು ಇದನ್ನು ಆಟಿಸಂ ಸ್ಪೆಕ್ಟ್ರಮ್ ಎನ್ನುತ್ತಾರೆ. ಇದು ಅಪರೂಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ಭಾರತದ 2011ರ ಜನಗಣತಿ ವೈಕಲ್ಯದ ಲೆಕ್ಕ ತೆಗೆದುಕೊಂಡಿತಾದರೂ ಆಟಿಸಂಗೆ ಪ್ರತ್ಯೇಕ ಕಾಲಂ ಇಟ್ಟಿರಲಿಲ್ಲ. ಎಣಿಕೆಗೆ ಸಿಗದವರು ಬಜೆಟ್ಟಿನಲ್ಲಿಯೂ ಕಾಣದಿರುವುದು ಸಹಜವೇ ಆಯಿತು.

ತಾಯಿ ಮಗುವನ್ನು ಸರಿಯಾಗಿ ಎತ್ತಿ ಆಡಿಸಲಿಲ್ಲ, ಕೆಲಸಕ್ಕೆ ಹೋದಳು, ಮೊಬೈಲ್ ಕೊಟ್ಟು ಕೂರಿಸಿದಳು ಎಂಬ ದೂರು ಇಂದಿಗೂ ಬಂಧುಗಳ ಬಾಯಲ್ಲಿ ಕೇಳಿಬರುತ್ತದೆ. ಇದಕ್ಕೆ ಒಂದು ಕಾಲದಲ್ಲಿ ಶಾಸ್ತ್ರದ ಮುದ್ರೆಯೂ ಸಿಕ್ಕಿತ್ತು. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂ ಕುರಿತ ಆಧುನಿಕ ಅಧ್ಯಯನಕ್ಕೆ ನಾಂದಿ ಹಾಡಿದ ಬಳಿಕ, ತಾಯಿಯ ಭಾವಶೂನ್ಯತೆಯೇ ಇದಕ್ಕೆ ಕಾರಣವೆಂಬ ವಾದ ಪಶ್ಚಿಮದಲ್ಲಿ ಪ್ರಬಲವಾಯಿತು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮಾತಾಗಿಸಿತು. ಆದರೆ ಅದಕ್ಕೂ ಮೂರು ವರ್ಷ ಮೊದಲೇ, ಆಟಿಸಂ ಇರುವ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಆ ವಾದಕ್ಕೆ ಆಧಾರವಿಲ್ಲವೆಂದು ತೋರಿಸಿದ್ದರು, ಮತ್ತು 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಹಾಗೂ ಮೈಕಲ್ ರಟ್ಟರ್ ಅವಳಿ ಮಕ್ಕಳ ಅಧ್ಯಯನದಿಂದ ಆನುವಂಶಿಕತೆಯ ಪಾತ್ರವನ್ನು ಮುಂದಿಟ್ಟರು. ಪರದೆಯ ಮುಂದೆ ಕಳೆಯುವ ಗಂಟೆಗಳು ಮಗುವಿನೊಡನೆ ಆಡುವ ಮಾತನ್ನು ಕಡಿಮೆ ಮಾಡುತ್ತವೆ, ಆದ್ದರಿಂದ ಅವನ್ನು ತಗ್ಗಿಸುವುದು ಒಳ್ಳೆಯದೇ. ಆದರೆ ಮೊಬೈಲೇ ಆಟಿಸಂಗೆ ಕಾರಣವೆಂಬುದಕ್ಕೆ ಪುರಾವೆಯಿಲ್ಲ. ಲಸಿಕೆಯ ಮೇಲಿನ ಆರೋಪವೂ ಅಷ್ಟೇ: ಹನ್ನೆರಡು ಮಕ್ಕಳನ್ನು ಆಧರಿಸಿ 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಪ್ರಕಟಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರು ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಅಳಿಸಿಹೋಯಿತು, 2019ರಲ್ಲಿ ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನಕ್ಕೆ ಲಸಿಕೆಗೂ ಆಟಿಸಂಗೂ ಯಾವ ನಂಟೂ ಕಾಣಲಿಲ್ಲ. ಈ ಆರೋಪಗಳು ಕೇವಲ ಸುಳ್ಳಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ತಪ್ಪು ತಾಯಿಯದೆಂದು ಒಮ್ಮೆ ತೀರ್ಮಾನವಾದರೆ ಪರಿಹಾರವೂ ಆಕೆಯದೇ ಆಗುತ್ತದೆ, ಖರ್ಚೂ ಆಕೆಯ ಮನೆಯದೇ ಆಗುತ್ತದೆ, ಸಮಾಜ ಮತ್ತು ಸರ್ಕಾರ ಎರಡೂ ಕೈತೊಳೆದುಕೊಳ್ಳಲು ದಾರಿ ಸಿಗುತ್ತದೆ.

ಅತಿ ಹೆಚ್ಚು ಹಾನಿ ಮಾಡುತ್ತಿರುವ ತಪ್ಪು ಕಲ್ಪನೆ ಮಾತ್ರ ಇದ್ಯಾವುದೂ ಅಲ್ಲ. ಅದು ಒಳ್ಳೆಯ ಮನಸ್ಸಿನಿಂದಲೇ ಹೇಳುವ ಸಮಾಧಾನದ ಮಾತು. ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದ, ಗಂಡುಮಕ್ಕಳಿಗೆ ಮಾತು ನಿಧಾನ, ಬಜೆ ತೇಯ್ದು ನಾಲಿಗೆಗೆ ಸವರಿದರೆ ಸರಿಹೋಗುತ್ತದೆ, ಶಾಲೆಗೆ ಸೇರಿದರೆ ತಾನೇ ಕಲಿಯುತ್ತಾನೆ ಎನ್ನುತ್ತಾ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ತಡವಾಗಿ ಮಾತು ಕಲಿತು ಮುಂದೆ ಸರಿಸಮನಾಗುವ ಮಕ್ಕಳು ಇದ್ದಾರೆ ಎಂಬುದು ನಿಜ. ಆದರೆ ಅಂಥ ಮಗು ಮಾತಿಲ್ಲದಿದ್ದರೂ ಬೆರಳು ತೋರಿಸುತ್ತದೆ, ಸಿಕ್ಕ ಆಟಿಕೆಯನ್ನು ತಂದು ಅಮ್ಮನ ಮುಖ ನೋಡುತ್ತದೆ, ಹೆಸರು ಕರೆದರೆ ತಿರುಗುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳು ಬಿಸ್ಕತ್ತು ಬೇಕಾದಾಗ ಡಬ್ಬದತ್ತ ಬೆರಳು ಮಾಡುವುದಿಲ್ಲ. ದೊಡ್ಡವರ ಮುಖ ನೋಡದೆ ಅವರ ಮಣಿಕಟ್ಟು ಹಿಡಿದೆಳೆದು ಆ ಕೈಯನ್ನೇ ಡಬ್ಬದ ಮೇಲಿಡುತ್ತವೆ. ಹನ್ನೆರಡು ತಿಂಗಳಿಗೂ ತೊದಲು ನುಡಿ ಅಥವಾ ಸನ್ನೆ ಇಲ್ಲದಿರುವುದು, ಹದಿನಾರು ತಿಂಗಳಿಗೂ ಒಂದು ಪದ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದಗಳನ್ನು ತಾನಾಗಿ ಜೋಡಿಸದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹಿಂದಕ್ಕೆ ಹೋಗುವುದು, ಇವು ಕಾಯದೆ ತೋರಿಸಬೇಕಾದ ಚಿಹ್ನೆಗಳು. 16ರಿಂದ 30 ತಿಂಗಳ ಮಕ್ಕಳಿಗಾಗಿ ಪೋಷಕರು ಉತ್ತರಿಸುವ, ಎಂ-ಚಾಟ್ ಎಂಬ 20 ಪ್ರಶ್ನೆಗಳ ಸರಳ ಪಟ್ಟಿಯೂ ಇದೆ. ಅದು ಸಂಶಯವನ್ನು ಸೋಸಿ ತೆಗೆಯುವ ತಪಾಸಣೆಯೇ ಹೊರತು ರೋಗನಿರ್ಣಯವಲ್ಲ. ತಪಾಸಣೆಯಲ್ಲಿ ಏನೂ ಇಲ್ಲವೆಂದಾದರೆ ಕಳೆದುಕೊಳ್ಳುವುದು ಅರ್ಧ ದಿನವಷ್ಟೇ. ಕಾದು ಕುಳಿತರೆ ಮಿದುಳು ಅತಿ ವೇಗವಾಗಿ ಕಲಿಯುವ ಕಾಲವೇ ಕೈಜಾರುತ್ತದೆ.

ಆಟಿಸಂ ಪತ್ತೆಗೆ ದೊಡ್ಡ ಯಂತ್ರ ಬೇಕು, ಸ್ಕ್ಯಾನ್ ಆಗಬೇಕು, ಅದು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತ್ರ ಸಾಧ್ಯ ಎಂದು ನಂಬಿದವರೂ ಬಹಳ. ಆಟಿಸಂ ಅನ್ನು ದೃಢಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂಬ ಪರೀಕ್ಷೆ ಅಗತ್ಯ. ಉಳಿದದ್ದೆಲ್ಲ ತರಬೇತಿ ಪಡೆದ ಕಣ್ಣು ಮಗುವಿನ ವರ್ತನೆಯನ್ನು ತಾಳ್ಮೆಯಿಂದ ಗಮನಿಸಿ, ಪೋಷಕರನ್ನು ವಿವರವಾಗಿ ವಿಚಾರಿಸಿ ನಿರ್ಧರಿಸುವ ಕೆಲಸ. ಪ್ರಮಾಣಪತ್ರಕ್ಕಾಗಿ ದೇಶದಲ್ಲಿ ಬಳಸುವ ಇಸಾ ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿದ್ದು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಮೊತ್ತ 70ಕ್ಕೆ ಮುಟ್ಟಿದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಇದಕ್ಕೆ ಬೇಕಾದದ್ದು ನುರಿತ ಮನುಷ್ಯರು ಮತ್ತು ಸಮಯ, ಅಂದರೆ ಸಂಬಳ ಮತ್ತು ಹುದ್ದೆ.

ಆ ಹುದ್ದೆಗಳ ಚೌಕಟ್ಟು ಕಾಗದದಲ್ಲಿ ಆಗಲೇ ಇದೆ ಎಂಬುದು ಹಲವು ಪೋಷಕರಿಗೆ ಗೊತ್ತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ 18 ವರ್ಷದವರೆಗೆ ಪರೀಕ್ಷಿಸಬೇಕಾದ ಸ್ಥಿತಿಗಳಲ್ಲಿ ಬೆಳವಣಿಗೆಯ ವಿಳಂಬ ಮತ್ತು ಆಟಿಸಂ ಕೂಡ ಸೇರಿವೆ. ಸಂಶಯ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಸೇವೆ ಉಚಿತ. ದಿವ್ಯಾಂಗ ಮಕ್ಕಳನ್ನು ಗುರುತಿಸಿ, ಅಂಗನವಾಡಿಯಲ್ಲೇ ಸೇರಿಸಿಕೊಂಡು, ಮುಂದಿನ ಸೇವೆಗೆ ಕಳಿಸುವ ಕ್ರಮವನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರಿನಲ್ಲಿ ಹೊರತಂದಿತು. ಸರಪಳಿ ಕಡಿಯುವುದು ಪತ್ತೆಯ ನಂತರ. ಮಹದೇಶ್ವರ ಬೆಟ್ಟದ ಆಸುಪಾಸಿನ ಊರಿನಿಂದ ಚಾಮರಾಜನಗರದ ಜಿಲ್ಲಾ ಕೇಂದ್ರಕ್ಕೆ ವಾರಕ್ಕೆ ಎರಡು ಸಲ ಮಗುವನ್ನು ಎತ್ತಿಕೊಂಡು ಬರಬೇಕಾದ ತಾಯಿ ಪ್ರತಿ ಸಲವೂ ಬಸ್ಸಿನ ಹೊತ್ತಿಗೆ ಕಾದು ಒಂದು ದಿನದ ಕೂಲಿ ಬಿಡುತ್ತಾಳೆ. ಹೀಗಾಗಿ ಉಚಿತವೆಂಬ ಸೇವೆಯೂ ಆಕೆಗೆ ಉಚಿತವಲ್ಲ. ಪತ್ತೆಗೆ ಮಾತ್ರ ಹಣ ಕೊಟ್ಟು ಮುಂದಿನ ತಿಂಗಳುಗಳಿಗೆ ಕೊಡದ ವ್ಯವಸ್ಥೆ ತಾಯಿಯ ಕೈಗೆ ಒಂದು ಹೆಸರನ್ನು ಕೊಟ್ಟು ಮನೆಗೆ ಕಳಿಸಿದಂತೆಯೇ ಸರಿ. ಪ್ರಮಾಣಪತ್ರ ಬಂದ ಮೇಲೆಯೇ ತರಬೇತಿ ಆರಂಭಿಸಬೇಕೆಂಬ ತಿಳಿವಳಿಕೆಯೂ ತಪ್ಪು. ಸವಲತ್ತಿಗೆ ಶೇ 40ರ ಪ್ರಮಾಣಪತ್ರ ಬೇಕು, ಕಲಿಕೆಗೆ ಬೇಕಿಲ್ಲ.

ಪರಿಣತರು ದಿನಕ್ಕೆ ಹಲವು ಗಂಟೆ ತರಬೇತಿ ಕೊಟ್ಟರೆ ಮಾತ್ರ ಫಲ, ಅಷ್ಟು ಹಣ ಬಡದೇಶದ ಸರ್ಕಾರಕ್ಕೆಲ್ಲಿದೆ ಎಂಬ ವಾದ ಅಧಿಕಾರಿಗಳಿಗೂ ಪ್ರಿಯ. ಇದನ್ನು ಪರೀಕ್ಷೆಗೊಡ್ಡಿದ ಒಂದು ಪ್ರಯೋಗ ನಮ್ಮ ನೆರೆಯ ಗೋವಾದಲ್ಲಿಯೇ ನಡೆದಿದೆ. ಬ್ರಿಟನ್ನಿನಲ್ಲಿ ರೂಪುಗೊಂಡ ಒಂದು ತರಬೇತಿ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಒಗ್ಗಿಸಿ, ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ, ವೈದ್ಯರಲ್ಲದ, ಚಿಕಿತ್ಸಕರೂ ಅಲ್ಲದ ಆರೋಗ್ಯ ಕಾರ್ಯಕರ್ತರ ಮೂಲಕ 2ರಿಂದ 9 ವರ್ಷದ 65 ಮಕ್ಕಳ ಕುಟುಂಬಗಳಲ್ಲಿ ಪರಿಶೀಲಿಸಲಾಯಿತು. ಆರು ತಿಂಗಳಲ್ಲಿ ಹನ್ನೆರಡು ಭೇಟಿ. ಪೋಷಕರು ಮಗುವಿನೊಡನೆ ಆಡುವುದನ್ನು ವಿಡಿಯೊದಲ್ಲಿ ಚಿತ್ರಿಸಿ, ಮತ್ತೆ ಅವರೊಂದಿಗೇ ಕೂತು ನೋಡಿ, ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ಪೋಷಕರು ತಮ್ಮ ಮಾತನ್ನು ಹೊಂದಿಸಿಕೊಳ್ಳುವುದನ್ನು ಕಲಿಸಲಾಯಿತು. ಆ ಪೋಷಕರ ಸ್ಪಂದನೆಯೂ ಮಗು ತಾನಾಗಿ ಸಂವಹನ ಆರಂಭಿಸುವ ಪ್ರಮಾಣವೂ ಹೋಲಿಕೆಯ ಗುಂಪಿಗಿಂತ ಹೆಚ್ಚಿದುದನ್ನು 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪ್ರಕಟಿಸಿತು. ಚಿಕ್ಕ ಅಧ್ಯಯನವಾದ ಕಾರಣ ಇದೊಂದರಿಂದಲೇ ಎಲ್ಲವೂ ತೀರ್ಮಾನವಾಗದು. ಆದರೂ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಈಗಾಗಲೇ ಹೊಂದಿರುವ ಕರ್ನಾಟಕದಂಥ ರಾಜ್ಯ ಇದನ್ನು ಕಣ್ಣಿಗೊತ್ತಿಕೊಂಡು ಓದಬೇಕಿತ್ತು. ಸಾರ್ವಜನಿಕ ಸೇವೆ ಇಲ್ಲದ ಕಡೆ ಆ ಖಾಲಿ ಜಾಗವನ್ನು ಮೋಸದ ವ್ಯಾಪಾರ ತುಂಬುತ್ತದೆ: ಕಾಂಡಕೋಶ ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆಂದು ನಂಬಿ ಹೊಲ ಮನೆ ಮಾರಿಕೊಳ್ಳುವ ಪೋಷಕರಿಗೆ, 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ಹೇಳಿರುವುದು ತಲುಪಬೇಕಾಗಿದೆ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗುವಿಗೆ ಗೊಂದಲ, ಆದ್ದರಿಂದ ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂಬ ಸಲಹೆ ನಗರಗಳಲ್ಲಿ ಸಾಮಾನ್ಯ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ; ಬದಲಿಗೆ, ಅಜ್ಜಿಗೆ ಬಾರದ ಭಾಷೆಯಲ್ಲಿ ಬೆಳೆಸಿದ ಮಗು ಅಜ್ಜಿಯ ಮಾತಿನಿಂದಲೇ ವಂಚಿತವಾಗುತ್ತದೆ.

ಶಾಲೆಯ ಮಾತಿಗೆ ಬಂದರೆ, ಇಂಥ ಮಕ್ಕಳ ಜಾಗ ವಿಶೇಷ ಶಾಲೆಯೇ ಎಂದು ಪ್ರವೇಶ ನಿರಾಕರಿಸುವವರಿಗೆ ಕಾನೂನಿನ ಬೆಂಬಲವಿಲ್ಲ. ಆಯ್ಕೆ ಮಗುವಿನದು ಮತ್ತು ಪೋಷಕರದು, ಶಾಲೆಯದಲ್ಲ. ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಕಲಿಕೆ ಆಗದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿದೆ, ಅಂದರೆ ತಿಂಗಳಿಗೆ ಮುನ್ನೂರಕ್ಕೂ ಕಡಿಮೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಶಿಕ್ಷಕರ ಹುದ್ದೆಗಳನ್ನು ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬರು, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಎಂಬ ಪ್ರಮಾಣದಲ್ಲಿ ಸೃಷ್ಟಿಸುವ ದಿಕ್ಕಿನಲ್ಲಿ ನಿರ್ದೇಶನ ನೀಡಿತು. 2025ರಲ್ಲಿ ರಾಜ್ಯಗಳಿಗೆ ಅದನ್ನೇ ಮತ್ತೆ ಹೇಳಬೇಕಾಗಿ ಬಂತು.

ತೆರಿಗೆ ವಿನಾಯಿತಿ ಇದೆಯಲ್ಲ, ವಿಮೆ ಇದೆಯಲ್ಲ, ಕುಟುಂಬಕ್ಕೆ ಇನ್ನೇನು ಬೇಕು ಎಂಬುದು ಕೊನೆಯ ತಪ್ಪು ಕಲ್ಪನೆ. ಆದಾಯ ತೆರಿಗೆ ಕಾಯ್ದೆಯಡಿ ಅವಲಂಬಿತ ವೈಕಲ್ಯವುಳ್ಳವರ ಪೋಷಣೆಗಾಗಿ ಆದಾಯದಿಂದ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ಕಳೆಯಬಹುದು; ಆದರೆ ತೆರಿಗೆಯನ್ನೇ ಕಟ್ಟದ ಕೂಲಿಕಾರರಿಗೆ ಅದರಿಂದ ಕವಡೆಯೂ ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗದು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ತರಬೇತಿಯ ಖರ್ಚನ್ನೂ ಸೇರಿಸಿ, ನೆರವಾಗುವ ಒಳ್ಳೆಯ ಯೋಜನೆ. ಅದರ ಹೆಸರು ಕೇಳದ ಮನೆಗಳು ಮಾತ್ರ ಅಸಂಖ್ಯ. ಇವೆರಡೂ ಮುಟ್ಟದ ಒಂದು ಖರ್ಚಿದೆ: ಕೆಲಸ ಬಿಟ್ಟು ಮನೆಯಲ್ಲಿ ಉಳಿದ ತಾಯಿಯ ಸಂಪಾದನೆ ಮತ್ತು ನಿದ್ದೆ. ವಾರದಲ್ಲಿ ಕೆಲವು ಗಂಟೆ ತರಬೇತಿ ಪಡೆದವರು ಮಗುವನ್ನು ನೋಡಿಕೊಂಡು ಪೋಷಕರಿಗೆ ಬಿಡುವು ಕೊಡುವ ವ್ಯವಸ್ಥೆಯನ್ನು ತಾತ್ಕಾಲಿಕ ಆರೈಕೆ ಎನ್ನುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಅದನ್ನು ಕಾಣುವುದೇ ಕಷ್ಟ. ಮಗುವಿಗೆ 18 ತುಂಬಿದ ಮೇಲೆ ಅಗತ್ಯವಿದ್ದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರವನ್ನು 1999ರ ಕಾಯ್ದೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಟ್ಟಿದೆ, ಜಿಲ್ಲಾಧಿಕಾರಿಗಳೇ ಅದರ ಮುಖ್ಯಸ್ಥರು. ನಾವು ಹೋದ ಮೇಲೆ ಇವನಿಗೆ ಯಾರು ಎಂದು ಪೋಷಕರು ಕೇಳುವ ಪ್ರಶ್ನೆಗೆ ಆ ಸಮಿತಿ ಒಂದು ಹೆಸರನ್ನು ಬರೆದುಕೊಡಬಲ್ಲದು. ಆ ಪಾಲಕರೊಡನೆ ಅವನು ಇರಬೇಕಾದ ಮನೆ, ಮಾಡಬೇಕಾದ ಕೆಲಸ, ಹಗಲು ಕಳೆಯಬೇಕಾದ ಕೇಂದ್ರ ಇವಕ್ಕೆ ಹಣ ಮೀಸಲಿಡಬೇಕಾದದ್ದು ಜಿಲ್ಲಾಧಿಕಾರಿಗಳ ಸಹಿಯಿಂದಾಗುವ ಕೆಲಸವಲ್ಲ, ಬೆಂಗಳೂರಿನ ವಿಧಾನಸೌಧದಲ್ಲೂ ದೆಹಲಿಯಲ್ಲೂ ಮಂಡನೆಯಾಗುವ ಬಜೆಟ್ಟಿನದು.