ಬೌದ್ಧಿಕ ಅಂಗವೈಕಲ್ಯವುಳ್ಳವರ ವಾರ್ಷಿಕ ಆರೋಗ್ಯ ತಪಾಸಣೆ (ಇಂಗ್ಲೆಂಡ್)

ಬೌದ್ಧಿಕ ಅಂಗವೈಕಲ್ಯವುಳ್ಳವರ ವಾರ್ಷಿಕ ಆರೋಗ್ಯ ತಪಾಸಣೆಯು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು (ಎನ್‌ಎಚ್‌ಎಸ್) ಕುಟುಂಬ ವೈದ್ಯರ ಮೂಲಕ ಉಚಿತವಾಗಿ ಒದಗಿಸುವ ಸೇವೆಯಾಗಿದೆ. ಚಿಕಿತ್ಸಾಲಯದ ಬೌದ್ಧಿಕ ಅಂಗವೈಕಲ್ಯ ನೋಂದಣಿಯಲ್ಲಿ ಹೆಸರಿರುವ, 14 ವರ್ಷ ತುಂಬಿದವರು ಇದಕ್ಕೆ ಅರ್ಹರು. ಕಾಯಿಲೆಯ ದೂರು ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪರೀಕ್ಷಿಸುವುದು ಇದರ ವೈಶಿಷ್ಟ್ಯ.

ಪರಿಭಾಷೆ

ಬ್ರಿಟನ್ನಿನಲ್ಲಿ ಈ ಸ್ಥಿತಿಯನ್ನು ‘ಲರ್ನಿಂಗ್ ಡಿಸೆಬಿಲಿಟಿ’ ಎನ್ನುತ್ತಾರೆ. ಭಾರತದಲ್ಲಿ ಇದೇ ಪದವನ್ನು ಸಾಮಾನ್ಯವಾಗಿ ಡಿಸ್ಲೆಕ್ಸಿಯಾದಂತಹ ಕಲಿಕಾ ತೊಂದರೆಗಳಿಗೆ ಬಳಸುವುದರಿಂದ ಗೊಂದಲವಾಗುವ ಸಾಧ್ಯತೆಯಿದೆ. ಡಿಸ್ಲೆಕ್ಸಿಯಾ ಮಾತ್ರ ಇರುವವರು ಈ ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ.

ಅಗತ್ಯ

ನೋವನ್ನು ಮಾತಿನಲ್ಲಿ ಹೇಳಲಾಗದ ವ್ಯಕ್ತಿಯು ಊಟ ಬಿಡಬಹುದು, ಸಿಟ್ಟಾಗಬಹುದು ಅಥವಾ ತಲೆ ಚಚ್ಚಿಕೊಳ್ಳಬಹುದು. ಇಂತಹ ವರ್ತನೆಯನ್ನು ಅಂಗವೈಕಲ್ಯದ ಲಕ್ಷಣವೆಂದೇ ಭಾವಿಸಿದಾಗ ಹಲ್ಲುನೋವು, ಕಿವಿಯ ಸೋಂಕು, ತೀವ್ರ ಮಲಬದ್ಧತೆ ಮೊದಲಾದವು ಪತ್ತೆಯಾಗದೆ ಉಳಿಯುತ್ತವೆ. ಈ ತಪ್ಪನ್ನು ವೈದ್ಯಕೀಯದಲ್ಲಿ ‘ಡಯಾಗ್ನಾಸ್ಟಿಕ್ ಓವರ್‌ಶಾಡೋಯಿಂಗ್’ ಎಂದು ಕರೆಯಲಾಗುತ್ತದೆ. 2013ರಲ್ಲಿ ಪ್ರಕಟವಾದ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಚಾರಣಾ ವರದಿಯು ನೈಋತ್ಯ ಇಂಗ್ಲೆಂಡಿನ ಸಾವುಗಳನ್ನು ಪರಿಶೀಲಿಸಿತು. ಸಾಮಾನ್ಯ ಜನರಿಗಿಂತ ಬೌದ್ಧಿಕ ಅಂಗವೈಕಲ್ಯವುಳ್ಳ ಪುರುಷರು ಸುಮಾರು 13 ವರ್ಷ, ಮಹಿಳೆಯರು ಸುಮಾರು 20 ವರ್ಷ ಮುಂಚಿತವಾಗಿ ಸಾಯುತ್ತಿದ್ದರೆಂದು ಅದು ತಿಳಿಸಿತು.

ಇತಿಹಾಸ

ಆರೋಗ್ಯ ಸೇವೆಯ ಆರೈಕೆಯಲ್ಲಿದ್ದ ಆರು ಮಂದಿಯ ಸಾವಿನ ಕುರಿತು ಮೆನ್‌ಕ್ಯಾಪ್ ಸಂಸ್ಥೆಯು 2007ರಲ್ಲಿ ವರದಿ ಪ್ರಕಟಿಸಿತು. ಇದರ ಫಲವಾಗಿ ಸರ್ ಜೊನಾಥನ್ ಮೈಕೆಲ್ ನೇತೃತ್ವದ ಸ್ವತಂತ್ರ ವಿಚಾರಣೆ ನಡೆದು, 2008ರ ಅದರ ವರದಿಯು ನಿಯಮಿತ ಆರೋಗ್ಯ ತಪಾಸಣೆಯನ್ನು ಶಿಫಾರಸು ಮಾಡಿತು. 2008–09ರಲ್ಲಿ ವಯಸ್ಕರಿಗಾಗಿ ಆರಂಭವಾದ ಯೋಜನೆಯನ್ನು 2014ರಲ್ಲಿ 14 ವರ್ಷದವರಿಗೂ ವಿಸ್ತರಿಸಲಾಯಿತು. ಅರ್ಹರಲ್ಲಿ ಕನಿಷ್ಠ ಶೇ. 75 ಮಂದಿಯನ್ನು 2023–24ರೊಳಗೆ ತಲುಪುವ ಗುರಿಯನ್ನು 2019ರ ದೀರ್ಘಾವಧಿ ಯೋಜನೆಯು ನಿಗದಿಪಡಿಸಿತು.

ವಿಧಾನ

ತೂಕ, ರಕ್ತದೊತ್ತಡ, ದೃಷ್ಟಿ, ಶ್ರವಣ, ನುಂಗುವಿಕೆ, ಮಲವಿಸರ್ಜನೆ, ಅಪಸ್ಮಾರ ಹಾಗೂ ಮಾನಸಿಕ ಆರೋಗ್ಯವನ್ನು ವಿಚಾರಿಸಲಾಗುತ್ತದೆ. ಸೇವಿಸುತ್ತಿರುವ ಔಷಧಗಳು ಈಗಲೂ ಅಗತ್ಯವೇ ಎಂಬುದನ್ನೂ ಪರಿಶೀಲಿಸಲಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚಾಗಿರುವುದರಿಂದ ಅದಕ್ಕಾಗಿ ರಕ್ತಪರೀಕ್ಷೆ ಮಾಡಲಾಗುತ್ತದೆ. ಕೊನೆಯಲ್ಲಿ ಮುಂದಿನ ಕ್ರಮಗಳನ್ನು ತಿಳಿಸುವ ‘ಆರೋಗ್ಯ ಕ್ರಿಯಾಯೋಜನೆ’ಯನ್ನು ರೂಪಿಸಬೇಕು.

2010ರ ಸಮಾನತಾ ಕಾಯ್ದೆಯಂತೆ ಚಿಕಿತ್ಸಾಲಯಗಳು ಸೂಕ್ತ ಹೊಂದಾಣಿಕೆಗಳನ್ನು ಮಾಡಬೇಕು. ಹೆಚ್ಚಿನ ಸಮಯ, ಚಿತ್ರಸಹಿತ ಸರಳ ಪತ್ರ, ಜನಸಂದಣಿಯಿಲ್ಲದ ವೇಳೆ ಇದಕ್ಕೆ ಉದಾಹರಣೆಗಳು. ಪೋಷಕರು ಅಥವಾ ಆರೈಕೆದಾರರು ಜೊತೆಗಿರಬಹುದು. ಆದರೆ ಒಪ್ಪಿಗೆ ನೀಡಲು ಸಮರ್ಥರಾದವರು ಯಾವುದೇ ಪರೀಕ್ಷೆಯನ್ನು ನಿರಾಕರಿಸಬಹುದು.

ಮಿತಿಗಳು

ನೋಂದಣಿಯಲ್ಲಿ ಹೆಸರಿಲ್ಲದವರಿಗೆ ಆಹ್ವಾನ ಬರುವುದಿಲ್ಲ. ತಪಾಸಣೆಯು ಸ್ವತಃ ಚಿಕಿತ್ಸೆಯೂ ಅಲ್ಲ. ಪತ್ತೆಯಾದ ತೊಂದರೆಗೆ ಮುಂದಿನ ಚಿಕಿತ್ಸೆ ದೊರೆತಾಗ ಮಾತ್ರ ಅದರ ಉದ್ದೇಶ ಈಡೇರುತ್ತದೆ.