ಸ್ಥಿರಾಸ್ತಿ ಮಧ್ಯವರ್ತಿಗಳು: ಒಬ್ಬರ ಗ್ರಾಹಕರು ಮತ್ತೊಬ್ಬರನ್ನು ನೇರವಾಗಿ ಸಂಪರ್ಕಿಸಿದಾಗ ಅನುಸರಿಸಬೇಕಾದ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ನಿವೇಶನ, ಮನೆ ಅಥವಾ ಜಮೀನನ್ನು ಖರೀದಿಸುವ ಹಾಗೂ ಮಾರಾಟ ಮಾಡುವ ಸಾರ್ವಜನಿಕರಲ್ಲಿ ಅನೇಕರು ಮಧ್ಯವರ್ತಿಗಳ ಮೂಲಕ ವ್ಯವಹರಿಸುತ್ತಾರೆ. ಒಬ್ಬ ಮಧ್ಯವರ್ತಿಯ ಮೂಲಕ ಆಸ್ತಿಯನ್ನು ನೋಡಿದ ನಂತರ, ದರದಲ್ಲಿ ರಿಯಾಯಿತಿ ದೊರೆಯಬಹುದೆಂದೋ, ಮೊದಲಿನವರು ದೂರವಾಣಿ ಕರೆಗೆ ಸಿಗುತ್ತಿಲ್ಲವೆಂದೋ ಮತ್ತೊಬ್ಬ ಮಧ್ಯವರ್ತಿಯನ್ನು ನೇರವಾಗಿ ಸಂಪರ್ಕಿಸುವುದು ಸಾಮಾನ್ಯ. ಇದು ತಪ್ಪಲ್ಲ. ಆದರೆ ಕ್ರಯಪತ್ರ ನೋಂದಣಿಯ ಹಂತದಲ್ಲಿ ಇಬ್ಬರೂ ಮಧ್ಯವರ್ತಿಗಳು ಕಮಿಷನ್ ಕೇಳಿದಾಗ ಖರೀದಿದಾರರು ತೊಂದರೆಗೆ ಒಳಗಾಗುತ್ತಾರೆ. ಆದುದರಿಂದ ಈ ವಿಷಯದಲ್ಲಿ ಕಾನೂನಿನ ಸ್ಥಿತಿಯನ್ನೂ, ವೃತ್ತಿಯಲ್ಲಿ ಒಪ್ಪಿತವಾದ ನಡವಳಿಕೆಯನ್ನೂ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಮಧ್ಯವರ್ತಿ ಯಾರ ಪರ?

ಜಾತ್ರೆಯ ದನದ ಪೇಟೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಯನ್ನು ನಮ್ಮ ಭಾಗದ ಜನರು ಬಲ್ಲರು. ಅಲ್ಲಿ ವ್ಯವಹಾರ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ದಲ್ಲಾಳಿ ಯಾರ ಪರ ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಸ್ಥಿರಾಸ್ತಿಯ ವ್ಯವಹಾರ ತಿಂಗಳುಗಟ್ಟಲೆ ನಡೆಯುವುದರಿಂದ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳತಕ್ಕದ್ದು. ಭಾರತೀಯ ಕರಾರು ಅಧಿನಿಯಮ, 1872ರ 182ನೆಯ ಪ್ರಕರಣದಂತೆ ಮತ್ತೊಬ್ಬರ ಪರವಾಗಿ ಕಾರ್ಯ ಮಾಡಲು ಅಥವಾ ಮೂರನೆಯವರೊಡನೆ ವ್ಯವಹರಿಸಲು ನೇಮಕಗೊಂಡವನೇ ಏಜೆಂಟ್. ಈ ನೇಮಕ ಲಿಖಿತವಾಗಿಯೇ ಇರಬೇಕೆಂದಿಲ್ಲ. ಬಾಯಿಮಾತಿನಿಂದಲೂ, ನಡವಳಿಕೆಯಿಂದಲೂ ಏರ್ಪಡಬಹುದು. ಬಾಯಿಮಾತಿನ ವ್ಯವಹಾರವೇ ಹೆಚ್ಚಾಗಿರುವ ಈ ತಾಲ್ಲೂಕುಗಳಲ್ಲಿ ವಿವಾದಗಳ ಮೂಲವೂ ಇದೇ ಆಗಿದೆ.

ಸಾಮಾನ್ಯವಾಗಿ ನಮ್ಮಲ್ಲಿ ಒಬ್ಬ ಮಾಲೀಕರು ನಾಲ್ಕಾರು ಮಧ್ಯವರ್ತಿಗಳಿಗೆ ಹೇಳಿರುತ್ತಾರೆ, ಒಬ್ಬ ಖರೀದಿದಾರರು ನಾಲ್ಕಾರು ಜನರನ್ನು ಕೇಳಿರುತ್ತಾರೆ. ಇದು ಮುಕ್ತ ಏರ್ಪಾಡು. ಇಲ್ಲಿ ಗ್ರಾಹಕರು ಯಾವ ಮಧ್ಯವರ್ತಿಯ ಸ್ವತ್ತೂ ಅಲ್ಲ. ಇದಕ್ಕೆ ಭಿನ್ನವಾಗಿ, ನಿಗದಿತ ಅವಧಿಯವರೆಗೆ ಒಬ್ಬರ ಮೂಲಕವೇ ವ್ಯವಹರಿಸುವುದಾಗಿ ಬರೆದುಕೊಟ್ಟಲ್ಲಿ ಅದು ಏಕಮಾತ್ರ ಏರ್ಪಾಡು. ಸದರಿ ಕರಾರಿನ ಅವಧಿ ಮುಗಿಯುವ ಮೊದಲು ಸಕಾರಣವಿಲ್ಲದೆ ಏಜೆಂಟರನ್ನು ಕೈಬಿಟ್ಟಲ್ಲಿ 205ನೆಯ ಪ್ರಕರಣದಂತೆ ಪರಿಹಾರ ಕೊಡಬೇಕಾಗಬಹುದು.

ಎರಡನೆಯ ಮಧ್ಯವರ್ತಿಯ ಕರ್ತವ್ಯ

ಗ್ರಾಹಕರು ತಾವಾಗಿಯೇ ಕರೆ ಮಾಡಿದಾಗ ಎರಡನೆಯ ಮಧ್ಯವರ್ತಿಯು ದರದ ಮಾತಿಗಿಂತ ಮೊದಲು ಎರಡು ಪ್ರಶ್ನೆಗಳನ್ನು ಕೇಳುವುದು ಯೋಗ್ಯ: ಈ ಆಸ್ತಿಯನ್ನು ತಾವು ಈಗಾಗಲೇ ಯಾರ ಮೂಲಕವಾದರೂ ನೋಡಿದ್ದೀರಾ? ಯಾರಿಗಾದರೂ ಏನನ್ನಾದರೂ ಬರೆದುಕೊಟ್ಟಿದ್ದೀರಾ? ಉತ್ತರ ಇಲ್ಲ ಎಂದಾದಲ್ಲಿ ಮುಂದುವರಿಯಲು ಅಡ್ಡಿಯಿಲ್ಲ. ನೋಡಿದ್ದೇವೆ, ಆದರೆ ಬರೆದುಕೊಟ್ಟಿಲ್ಲ ಎಂದಾದಲ್ಲಿ, ಬೇರೆ ಆಸ್ತಿಗಳನ್ನು ತೋರಿಸಬಹುದು; ಅದೇ ಆಸ್ತಿಯಾದಲ್ಲಿ ಮೊದಲಿನ ಮಧ್ಯವರ್ತಿಗೆ ತಿಳಿಸಿ, ಕಮಿಷನ್ ಹಂಚಿಕೆಯನ್ನು ತಮ್ಮಲ್ಲೇ ಇತ್ಯರ್ಥಪಡಿಸಿಕೊಳ್ಳುವುದು ಸರಿಯಾದ ಕ್ರಮ. ಆ ಭಾರವನ್ನು ಗ್ರಾಹಕರ ಮೇಲೆ ಹೊರಿಸತಕ್ಕದ್ದಲ್ಲ.

ಏಕಮಾತ್ರ ಕರಾರು ಜಾರಿಯಲ್ಲಿದ್ದರೆ ಹೇಗೆ? ಭಾರತದ ಯಾವ ಕಾನೂನೂ ಇದನ್ನು ಇಷ್ಟು ಸೂಕ್ಷ್ಮವಾಗಿ ಹೇಳಿಲ್ಲ. ಅಮೆರಿಕದ ರಿಯಲ್ಟರುಗಳ ರಾಷ್ಟ್ರೀಯ ಸಂಘವು 1913ರಲ್ಲಿ ಅಂಗೀಕರಿಸಿ, ಕಾಲಕಾಲಕ್ಕೆ ತಿದ್ದುಪಡಿ ಮಾಡುತ್ತ ಬಂದಿರುವ ನೀತಿಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಮಾತುಕತೆಯನ್ನು ಆರಂಭಿಸಿದವರು ಗ್ರಾಹಕರೇ ಆಗಿದ್ದು, ಮಧ್ಯವರ್ತಿಯು ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ ಅವರನ್ನು ಸೆಳೆದಿರದಿದ್ದಲ್ಲಿ, ಮುಂದಿನ ಕರಾರಿನ ಷರತ್ತುಗಳನ್ನು ಚರ್ಚಿಸಬಹುದು. ಹಾಲಿ ಕರಾರು ಮುಗಿದ ನಂತರ ಜಾರಿಗೆ ಬರುವಂತೆ ಹೊಸ ಕರಾರನ್ನೂ ಮಾಡಿಕೊಳ್ಳಬಹುದು. ಅಂದರೆ ಯಾರು ಮೊದಲು ಕರೆ ಮಾಡಿದರು ಎಂಬುದೇ ಅಲ್ಲಿ ನಿರ್ಣಾಯಕ. ಈ ಸಂಹಿತೆ ನಮ್ಮಲ್ಲಿ ಬಂಧನಕಾರಿಯಲ್ಲವಾದರೂ ಅದರ ನ್ಯಾಯ ನಮ್ಮ ಊರುಗಳಿಗೂ ಹೊಂದುತ್ತದೆ. ಗ್ರಾಹಕರು ಬಾಗಿಲು ತಟ್ಟಿದರೆ ಉತ್ತರಿಸುವುದು ಬೇರೆ, ಅವರ ಮನೆಯ ಬಾಗಿಲಿಗೆ ಹೋಗಿ ಮೊದಲಿನವರನ್ನು ಹಳಿಯುವುದು ಬೇರೆ.

ಹಳಿಯುವ ವಿಷಯದಲ್ಲಿ ಒಂದು ಮಾತು. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಸೇರಿ, ತರುವಾಯ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಆದುದರಿಂದ ಹಳೆಯ ಪತ್ರಗಳಲ್ಲಿ ಬೇರೆ ಜಿಲ್ಲೆ ಅಥವಾ ಬೇರೆ ತಾಲ್ಲೂಕಿನ ಹೆಸರಿರುವುದು ಸಹಜ. ಇದನ್ನೇ ದೋಷವೆಂದು ತೋರಿಸಿ, ಮೊದಲಿನ ಮಧ್ಯವರ್ತಿಯು ಮೋಸ ಮಾಡುತ್ತಿದ್ದಾನೆಂದು ಯಾರಾದರೂ ಹೆದರಿಸಿದಲ್ಲಿ ನಂಬಬೇಕಾಗಿಲ್ಲ. ಸರ್ವೆ ನಂಬರು, ಚಕ್ಕುಬಂದಿ, ವಿಸ್ತೀರ್ಣ ಹಾಗೂ ಮಾಲೀಕರ ಹೆಸರು ತಾಳೆಯಾಗುವುದೇ ಎಂದು ನೋಡತಕ್ಕದ್ದು.

ಕಮಿಷನ್ ಯಾರಿಗೆ ಸಲ್ಲುತ್ತದೆ?

ಒಂದು ಉದಾಹರಣೆ: ಖರೀದಿದಾರರೊಬ್ಬರಿಗೆ ಕೊಟ್ಟೂರಿನಲ್ಲಿ 12 ಲಕ್ಷ ರೂಪಾಯಿಯ ನಿವೇಶನವನ್ನು ಮೊದಲನೆಯ ಮಧ್ಯವರ್ತಿಯು ತೋರಿಸಿ, ಮಾಲೀಕರ ಪರಿಚಯ ಮಾಡಿಸುತ್ತಾನೆ. ಶೇಕಡಾ 1 ಕಮಿಷನ್ ಎಂದು ಮಾತಾಗುತ್ತದೆ. ಅಂದರೆ 12,000 ರೂ. ಎರಡನೆಯವನು ಅದೇ ನಿವೇಶನವನ್ನು 11 ಲಕ್ಷ 90 ಸಾವಿರಕ್ಕೆ ಕೊಡಿಸುವೆನೆಂದು ಹೇಳಿ ವ್ಯವಹಾರ ಮುಗಿಸುತ್ತಾನೆ. ಅವನದೂ ಶೇಕಡಾ 1, ಅಂದರೆ 11,900 ರೂ. ಖರೀದಿದಾರರಿಗೆ ಉಳಿತಾಯವೆಂದು ಕಂಡದ್ದು 10,000 ರೂ. ಮತ್ತು ಕಮಿಷನ್ನಿನಲ್ಲಿ 100 ರೂ. ಮೊದಲನೆಯವನ ಹಕ್ಕು ಸಾಬೀತಾದಲ್ಲಿ ಹೆಚ್ಚುವರಿಯಾಗಿ ಹೋಗುವುದು 12,000 ರೂ. ನಿವ್ವಳ ನಷ್ಟ 1,900 ರೂ.; ನ್ಯಾಯಾಲಯದ ಅಲೆದಾಟ ಪ್ರತ್ಯೇಕ.

ಹಕ್ಕು ಸಾಬೀತಾಗುವುದು ಹೇಗೆಂದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ವಹಿಸಿದ ಕಾರ್ಯ ಪೂರ್ಣವಾದಾಗ ಮಾತ್ರ ಏಜೆಂಟರಿಗೆ ಪ್ರತಿಫಲ ಸಲ್ಲುತ್ತದೆ (219ನೆಯ ಪ್ರಕರಣ). ಆಸ್ತಿ ತೋರಿಸಿದ ಮಾತ್ರಕ್ಕೆ ಕಮಿಷನ್ ಹುಟ್ಟುವುದಿಲ್ಲ. ಆದರೆ ಆತನ ಪರಿಚಯವೇ ಮಾರಾಟಕ್ಕೆ ಪರಿಣಾಮಕಾರಿ ಕಾರಣವಾಗಿದ್ದು, ಕೊನೆಯ ಸಹಿಯ ವೇಳೆಗೆ ಮಾತ್ರ ಆತನನ್ನು ಬದಿಗಿಟ್ಟಿದ್ದಲ್ಲಿ ನ್ಯಾಯಾಲಯಗಳು ಆತನ ಹಕ್ಕನ್ನು ಪರಿಗಣಿಸುತ್ತವೆ. ಏಜೆಂಟರು ದುರ್ವರ್ತನೆ ತೋರಿದ್ದಲ್ಲಿ ಆ ಭಾಗದ ಕಾರ್ಯಕ್ಕೆ ಪ್ರತಿಫಲ ಕೇಳುವಂತಿಲ್ಲ (220ನೆಯ ಪ್ರಕರಣ). ಅಂದಹಾಗೆ, ಶೇಕಡಾ 1 ಅಥವಾ 2 ಎಂಬುದು ರೂಢಿಯೇ ಹೊರತು ಸರ್ಕಾರ ನಿಗದಿಪಡಿಸಿದ ದರವಲ್ಲ.

ಮೊದಲಿನವರನ್ನು ಬಿಡಬೇಕೆಂದಿದ್ದಲ್ಲಿ ಸುಮ್ಮನೆ ಕರೆ ಸ್ವೀಕರಿಸದೆ ಇರುವುದಕ್ಕಿಂತ ಲಿಖಿತವಾಗಿ ತಿಳಿಸುವುದು ಉತ್ತಮ. ಅಧಿಕಾರ ರದ್ದುಪಡಿಸಿದ್ದು ಏಜೆಂಟರ ಮಟ್ಟಿಗೆ ಜಾರಿಗೆ ಬರುವುದು ಅವರಿಗೆ ತಿಳಿದ ಮೇಲೆಯೇ (208ನೆಯ ಪ್ರಕರಣ). ದೂರವಾಣಿ ಸಂದೇಶವಾದರೂ ಸಾಕು, ದಿನಾಂಕ ಇರಬೇಕು. ಆವರೆಗೆ ನೋಡಿದ ಆಸ್ತಿಗಳ ಪಟ್ಟಿಯನ್ನು ಅದರಲ್ಲೇ ನಮೂದಿಸಿದಲ್ಲಿ ಮುಂದೆ ವಾದಕ್ಕೆ ಆಸ್ಪದ ಕಡಿಮೆ.

ಮೂಲ ದಾಖಲೆಗಳ ಬಗ್ಗೆ ಎಚ್ಚರಿಕೆ

ಮಾರಾಟಗಾರರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಮೇಲ್ಕಂಡ ಅಧಿನಿಯಮದ 221ನೆಯ ಪ್ರಕರಣದಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ಸಲ್ಲಬೇಕಾದ ಕಮಿಷನ್ ಪಾವತಿಯಾಗುವವರೆಗೆ ತಾನು ಪಡೆದ ಮಾಲೀಕರ ಕಾಗದಪತ್ರಗಳನ್ನು ತಡೆಹಿಡಿಯುವ ಹಕ್ಕು ಏಜೆಂಟರಿಗಿದೆ. ಮೂಲ ಕ್ರಯಪತ್ರವನ್ನು ಮೊದಲನೆಯವರ ಕೈಯಲ್ಲಿಟ್ಟು, ವ್ಯವಹಾರವನ್ನು ಎರಡನೆಯವರ ಮೂಲಕ ಮಾಡಿದಲ್ಲಿ ಆಗುವ ತೊಡಕನ್ನು ಊಹಿಸಬಹುದು. ಮಧ್ಯವರ್ತಿಗಳಿಗೆ ನೆರಳಚ್ಚು ಪ್ರತಿಗಳನ್ನು ಮಾತ್ರ ಕೊಡತಕ್ಕದ್ದು. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ತಂತ್ರಾಂಶದಲ್ಲಿಯೂ, ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿಯೂ, ಗ್ರಾಮ ಪಂಚಾಯಿತಿ ಆಸ್ತಿಯ ನಮೂನೆಗಳನ್ನು ಇ-ಸ್ವತ್ತು ಮೂಲಕವೂ ಸಾರ್ವಜನಿಕರು ತಾವೇ ಪಡೆಯಬಹುದು. ಇದಕ್ಕೆ ಮಧ್ಯವರ್ತಿಯ ಅಗತ್ಯವಿಲ್ಲ. ಮುಂಗಡವನ್ನು ಮಾಲೀಕರ ಖಾತೆಗೇ ಜಮಾ ಮಾಡತಕ್ಕದ್ದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ನೋಂದಾಯಿತ ಮಧ್ಯವರ್ತಿಗಳು ಮತ್ತು ದೂರು

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ 9ನೆಯ ಪ್ರಕರಣದಂತೆ, ನೋಂದಣಿಯಾದ ಯೋಜನೆಯ ನಿವೇಶನ ಅಥವಾ ಕಟ್ಟಡದ ಮಾರಾಟದಲ್ಲಿ ಮಧ್ಯವರ್ತಿಯಾಗುವವರು ಪ್ರಾಧಿಕಾರದಲ್ಲಿ ತಾವೂ ನೋಂದಾಯಿಸಿಕೊಂಡು, ಪ್ರತಿ ಮಾರಾಟದಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ನಮೂದಿಸತಕ್ಕದ್ದು. ಲೆಕ್ಕಪುಸ್ತಕಗಳನ್ನು ಇಡುವುದು, ನೋಂದಣಿಯಾಗಬೇಕಾದ ಯೋಜನೆ ನೋಂದಣಿಯಾಗದಿದ್ದಲ್ಲಿ ಅದನ್ನು ಮಾರದಿರುವುದು, ಬುಕಿಂಗ್ ಸಮಯದಲ್ಲಿ ಖರೀದಿದಾರರಿಗೆ ಅರ್ಹವಾದ ಎಲ್ಲ ಮಾಹಿತಿ ಹಾಗೂ ದಾಖಲೆ ದೊರಕುವಂತೆ ಮಾಡುವುದು 10ನೆಯ ಪ್ರಕರಣದಂತೆ ಅವರ ಕರ್ತವ್ಯ. ನೋಂದಣಿಯಿಲ್ಲದೆ ವ್ಯವಹರಿಸಿದಲ್ಲಿ ದಿನಕ್ಕೆ 10,000 ರೂ.ನಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ವಿಧಿಸಬಹುದು.

ಪರಂತು ಈ ಅಧಿನಿಯಮವು ಮುಖ್ಯವಾಗಿ ಯೋಜನಾ ಪ್ರದೇಶದೊಳಗಿನ, 500 ಚದರ ಮೀಟರ್‌ಗಿಂತ ಹೆಚ್ಚಿನ ಭೂಮಿಯ ಅಥವಾ ಎಂಟಕ್ಕಿಂತ ಹೆಚ್ಚಿನ ಮನೆಗಳ ಯೋಜನೆಗಳಿಗೆ ಅನ್ವಯಿಸುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ನಡೆಯುವ ಹಳೆಯ ಮನೆಯ ಮಾರಾಟ ಅಥವಾ ಹೊಲದ ಮಾರಾಟ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂತಹ ಪ್ರಕರಣಗಳಲ್ಲಿ ಕರಾರು ಅಧಿನಿಯಮವೇ ಆಧಾರ.

ಕಮಿಷನ್ ಬಾಕಿಯಿದೆಯೆಂದು ಮಧ್ಯವರ್ತಿಯು ತಕರಾರು ಸಲ್ಲಿಸಿದ ಮಾತ್ರಕ್ಕೆ ಕ್ರಯಪತ್ರದ ನೋಂದಣಿಯನ್ನು ತಡೆಯಲು ನೋಂದಣಿ ಅಧಿನಿಯಮ, 1908ರಲ್ಲಿ ಅವಕಾಶವಿಲ್ಲ. ಕಚೇರಿಯ ಆವರಣದಲ್ಲಿ ಯಾರಾದರೂ ಹಾಗೆ ಬೆದರಿಸಿದಲ್ಲಿ ಉಪನೋಂದಣಾಧಿಕಾರಿಯವರ ಗಮನಕ್ಕೆ ತರಬಹುದು. ಕಮಿಷನ್ನಿನ ವಿವಾದವನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುತ್ತದೆ. ನೋಂದಾಯಿತ ಯೋಜನೆಯ ಮಧ್ಯವರ್ತಿಯು ಅಧಿನಿಯಮವನ್ನು ಉಲ್ಲಂಘಿಸಿದಲ್ಲಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಹಣ ಪಡೆದು ಸೇವೆ ನೀಡದಿದ್ದಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಮಧ್ಯವರ್ತಿಯೊಡನೆ ನಡೆದ ಪತ್ರ ಅಥವಾ ಸಂದೇಶಗಳ ಪ್ರತಿ, ಹಣ ಪಾವತಿಯ ವಿವರ ಮತ್ತು ಆಸ್ತಿಯನ್ನು ನೋಡಿದ ದಿನಾಂಕಗಳನ್ನು ಲಗತ್ತಿಸತಕ್ಕದ್ದು.