ತೇಲುವ ಟೈರು, ಸೀಳುವ ಟೈರು

2010ರ ನವೆಂಬರಿನಲ್ಲಿ ಭಾರತದ ವಿಜ್ಞಾನಿಗಳ ತಂಡವೊಂದು ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಕೇಂದ್ರದಿಂದ ದಕ್ಷಿಣ ಧ್ರುವಕ್ಕೆ ನೆಲದ ಮೇಲೇ ಹೊರಟಿತು. ಮುಂದಾಳು ರಸಿಕ್ ರವೀಂದ್ರ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ದಾರಿ ಅನ್ನುವುದೇ ಇಲ್ಲದ, ದಿಗಂತದವರೆಗೆ ಹಿಮವೇ ಹಿಮವಾದ ಹಾದಿ. ಅವರು ಹತ್ತಿದ್ದು ಏನನ್ನು ಗೊತ್ತೇ? ಯುದ್ಧದ ಟ್ಯಾಂಕಿನಂತೆ ಪಟ್ಟಿಯ ಮೇಲೆ ಉರುಳುವ ಹಿಮವಾಹನವನ್ನಲ್ಲ. ಟೊಯೋಟಾ ಹೈಲಕ್ಸ್! ಪಿಕಪ್ ಟ್ರಕ್ಕು! ಐಸ್‌ಲ್ಯಾಂಡಿನ ಆರ್ಕ್ಟಿಕ್ ಟ್ರಕ್ಸ್ ಕಂಪನಿ ಅದಕ್ಕೆ 44 ಇಂಚು ಎತ್ತರದ, ದಿಂಬಿನಷ್ಟು ಮೆತ್ತಗಿನ ಟೈರು ತೊಡಿಸಿತ್ತು. ಧ್ರುವ ಮುಟ್ಟಿ ಬಂದದ್ದು ಆ ರಬ್ಬರಿನ ಮೇಲೆ.

ಇದು ಹೇಗೆ ಸಾಧ್ಯ ಎಂದು ಲೆಕ್ಕಕ್ಕೆ ಕೂತರೆ ಮೈ ಜುಮ್ಮೆನ್ನುತ್ತದೆ. ಎರಡೂವರೆ ಟನ್ ತೂಗುವ ಪಿಕಪ್ಪಿನ ಟೈರಿನಲ್ಲಿ ಮಾಮೂಲಾಗಿ 30 ಪಿಎಸ್‌ಐ ಗಾಳಿ ಇರುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಹೆಚ್ಚುಕಡಿಮೆ 2 ಕಿಲೋ ಭಾರ. ಒಂದೊಂದು ಟೈರು ನೆಲ ಮುಟ್ಟುವುದು ಸುಮಾರು 300 ಚದರ ಸೆಂಟಿಮೀಟರ್ ಮಾತ್ರ, ಅರ್ಧ ಎ4 ಹಾಳೆಯಷ್ಟು! ಐಸ್‌ಲ್ಯಾಂಡಿನವರು ಹಿಮನದಿಯ ಅಂಚಿಗೆ ಬಂದೊಡನೆ ಗಾಡಿ ನಿಲ್ಲಿಸಿ ಗಾಳಿ ಬಿಡತೊಡಗುತ್ತಾರೆ. 30ರಿಂದ 10ಕ್ಕೆ, 10ರಿಂದ 5ಕ್ಕೆ, ಮೆತ್ತನೆಯ ಹಿಮವಾದರೆ 3 ಪಿಎಸ್‌ಐವರೆಗೂ. ಟೈರಿನ ಪಕ್ಕದ ಗೋಡೆಯೂ ಒಂದಷ್ಟು ಭಾರ ಹೊರುವುದರಿಂದ ಲೆಕ್ಕ ಪೂರಾ ಹತ್ತುಪಟ್ಟಿಗೆ ಏರುವುದಿಲ್ಲ, ಆದರೂ ನೆಲ ಮುಟ್ಟುವ ಜಾಗ ಹಲವು ಪಟ್ಟು ಹಿಗ್ಗುತ್ತದೆ. ಈಗ ಎಪ್ಪತ್ತು ಕಿಲೋ ತೂಕದ ಒಬ್ಬ ಮನುಷ್ಯ ಪಕ್ಕದಲ್ಲಿ ನಡೆಯಲಿ. ಹೆಜ್ಜೆ ಎತ್ತಿದಾಗ ಅವನ ಭಾರವೆಲ್ಲ ಒಂದೇ ಪಾದದ ಮೇಲೆ: ಆರೇಳು ಪಿಎಸ್‌ಐ. ಮನುಷ್ಯ ಮೊಣಕಾಲುದ್ದ ಹೂತುಹೋಗುವ ಹಿಮದ ಮೇಲೆ ಎರಡೂವರೆ ಟನ್ನಿನ ಟ್ರಕ್ಕು ತೇಲಿಕೊಂಡು ಹೋಗುತ್ತದೆ!

ಹಾಗಾದರೆ ಚಳಿಗಾಲಕ್ಕೆ ಅಗಲ ಟೈರೇ ಸರಿ ಅನ್ನೋಣವೇ? ತಾಳಿ, ಸ್ವೀಡನ್ನಿಗೆ ಹೋಗೋಣ.

ಅಲ್ಲಿನ ಚಳಿಗಾಲದ ರ್ಯಾಲಿಯಲ್ಲಿ, ಹಿಮಗಟ್ಟಿದ ಕಾಡುದಾರಿಯಲ್ಲಿ, ಜಗತ್ತಿನ ಅತಿ ವೇಗದ ಚಾಲಕರು ಓಡಿಸುತ್ತಾರೆ. ಡಾಂಬರು ರ್ಯಾಲಿಗೆ 18 ಇಂಚಿನ ರಿಮ್ಮಿನ ಮೇಲೆ ಅಗಲ ಟೈರು ಹಾಕುವ ಅದೇ ತಂಡಗಳು ಇಲ್ಲಿ 15 ಇಂಚಿನ ರಿಮ್ಮು, ಕಿರಿದಾದ ಟೈರಿಗೆ ಬರುತ್ತವೆ. ಒಂದೊಂದು ಟೈರಿನಲ್ಲಿ 384 ಮೊಳೆ, ತುದಿಗೆ ಟಂಗ್‌ಸ್ಟನ್! ಆ ಟೈರಿಗೆ ತೇಲುವ ಆಸೆಯೇ ಇಲ್ಲ. ಮೇಲಿನ ಸಡಿಲ ಹಿಮವನ್ನು ಸೀಳಿ, ಅಡಿಯ ಗಟ್ಟಿ ಮಂಜುಗಡ್ಡೆಗೆ ಮೊಳೆ ಊರಿ ಗಾಡಿಯನ್ನು ಎಳೆಯುತ್ತದೆ.

ಐಸ್‌ಲ್ಯಾಂಡಿನವರೂ ಸರಿ, ಸ್ವೀಡನ್ನಿನವರೂ ಸರಿ. ಗುಟ್ಟು ಇರುವುದು ಒಂದೇ ಪ್ರಶ್ನೆಯಲ್ಲಿ: ಹಿಮದ ಅಡಿಯಲ್ಲಿ, ಚಕ್ರಕ್ಕೆ ಎಟಕುವಷ್ಟು ಆಳದಲ್ಲಿ, ಗಟ್ಟಿ ತಳ ಇದೆಯೇ? ಇದ್ದರೆ ಸೀಳಿ ಇಳಿ, ತಳ ಮುಟ್ಟು. ಇಲ್ಲದಿದ್ದರೆ ಇಳಿಯಲೇಬೇಡ, ಮೇಲೇ ಇರು. ಕೆನಡಾದ ಊರೊಳಗೆ ರಾತ್ರಿ ಬಿದ್ದ ಒಂದು ಗೇಣು ಹಿಮಕ್ಕೆ ಅಡಿಯಲ್ಲೇ ಡಾಂಬರಿದೆ. ಹಿಮನದಿಯ ಹಿಮಕ್ಕೆ, ಟೈರಿನ ಪಾಲಿಗೆ, ತಳವೇ ಇಲ್ಲ.

ಇನ್ನೊಂದು ಸಂಗತಿಯಂತೂ ಟೈರಿನ ಬಗೆಗಿನ ನನ್ನ ತಿಳಿವಳಿಕೆಯನ್ನೇ ತಲೆಕೆಳಗು ಮಾಡಿತು. ಅಗಲ ಟೈರು ಹಾಕಿದ ಮಾತ್ರಕ್ಕೆ ನೆಲ ಮುಟ್ಟುವ ಜಾಗ ಹೆಚ್ಚಾಗಿಬಿಡುವುದಿಲ್ಲ! ಭಾರ ಅಷ್ಟೇ, ಗಾಳಿ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ. ಅಗಲ ಟೈರಿನ ಹೆಜ್ಜೆ ಅಡ್ಡಕ್ಕೆ ಚಾಚಿ ಗಿಡ್ಡವಾಗುತ್ತದೆ. ಕಿರಿದು ಟೈರಿನ ಹೆಜ್ಜೆ ಉದ್ದಕ್ಕೆ ಹರಿಯುತ್ತದೆ. ಗಾಳಿ ಇಳಿಸಿದಾಗಲೂ ಹೆಜ್ಜೆ ಹಿಗ್ಗುವುದು ಬಹುಪಾಲು ಉದ್ದಕ್ಕೇ. 44 ಇಂಚಿನ ಎತ್ತರಕ್ಕೆ ಅಷ್ಟು ಬೆಲೆ ಬಂದದ್ದು ಅದರಿಂದ: ಚಕ್ರ ದೊಡ್ಡದಾದಷ್ಟೂ ಹೆಜ್ಜೆ ಉದ್ದವಾಗಿ ಮಲಗಬಲ್ಲದು.

ಈ ಕಣ್ಣಿನಿಂದ ಎರಡು ಟೈರು ನೋಡಿ. ಪಿಕಪ್ ಇಟ್ಟುಕೊಂಡವರು ಚಳಿಗಾಲದ ಮುಂಚೆ ಅಂಗಡಿಯಲ್ಲಿ ಕೈಯಾಡಿಸುವ ಎರಡು ಅಳತೆ: 235/85 ಆರ್16, 265/75 ಆರ್16. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದಲ್ಲಿ ಗೋಡೆಯ ಎತ್ತರ ನೂರಕ್ಕೆ ಎಷ್ಟು ಅನ್ನುವುದು, ಕೊನೆಯದು ರಿಮ್ಮಿನ ಇಂಚು. ಗುಣಿಸಿ ನೋಡಿದರೆ ಒಂದು 806 ಮಿ.ಮೀ. ಎತ್ತರ, ಇನ್ನೊಂದು 804. ಅವಳಿ ಮಕ್ಕಳಂತೆ ನಿಲ್ಲುತ್ತವೆ! ಅಗಲದಲ್ಲಿ ಮಾತ್ರ 30 ಮಿ.ಮೀ. ವ್ಯತ್ಯಾಸ. ಟೈರು ಹಿಮದಲ್ಲಿ ಹೂತು ಸಾಗುವಾಗ ಎದುರಿಗಿರುವುದನ್ನು ನೂಕಲೇಬೇಕು, ಅಮುಕಲೇಬೇಕು. ಕಿರಿದು ಟೈರಿಗೆ ಆ ಕೂಲಿ ನೂರಕ್ಕೆ ಹನ್ನೊಂದರಷ್ಟು ಕಡಿಮೆ. ಅಡಿಯಲ್ಲಿ ರಸ್ತೆ ಇರುವ ಊರಿನಲ್ಲಿದ್ದರೆ ನಾನು ಕಣ್ಣುಮುಚ್ಚಿ 235 ಕೊಳ್ಳುತ್ತೇನೆ.

ಹಿಮ ಕರಗುತ್ತ ಬಂದು ರಸ್ತೆಯೆಲ್ಲ ರಾಡಿಯಾದಾಗಲಂತೂ ಹೆಜ್ಜೆಯ ಆಕಾರವೇ ಜೀವ ಉಳಿಸುವ ಮಾತು. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ವಿಮಾನದ ಚಕ್ರ ನೀರಿನ ಮೇಲೆ ತೇಲಿಹೋಗುವ ವೇಗಕ್ಕೆ ಸೂತ್ರ ಕೊಟ್ಟರು: ಗಾಳಿ ಹೆಚ್ಚಿದಷ್ಟೂ ತೇಲುವ ವೇಗ ಹೆಚ್ಚು. 100 ಪಿಎಸ್‌ಐ ತುಂಬಿದ ಲಾರಿ ಟೈರಿಗೆ ಅದು ಗಂಟೆಗೆ 160 ಕಿ.ಮೀ. ದಾಟುತ್ತದೆ, ಲಾರಿಗೆ ಭಯವಿಲ್ಲ ಅನ್ನಿಸುತ್ತದೆ. 1980ರ ದಶಕದಲ್ಲಿ ಅದೇ ಹಾರ್ನ್ ತೋರಿಸಿದ್ದು ಬೇರೆ: ಭಾರವಿಲ್ಲದ ಖಾಲಿ ಲಾರಿಯ ಟೈರಿನ ಹೆಜ್ಜೆ ಗಿಡ್ಡವಾಗಿ, ಅಡ್ಡಡ್ಡವಾಗಿ, ಹೆದ್ದಾರಿಯ ಮಾಮೂಲು ವೇಗದಲ್ಲೇ ನೀರಿನ ಮೇಲೆ ಏರಿಬಿಡುತ್ತದೆ! ಖಾಲಿ ಗಾಡಿ ಹಗುರ, ಅದಕ್ಕೇ ಸಲೀಸು ಅಂದುಕೊಂಡವರು ಇದನ್ನು ಎರಡು ಸಲ ಓದಬೇಕು.

ಬರೀ ಮಂಜುಗಡ್ಡೆಯ ಎದುರು ಅಗಲ-ಕಿರಿದಿನ ವಾದ ಬಹುಪಾಲು ಸೋಲುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಅದು ಅತಿ ಜಾರು. ಚಳಿ ಏರಿದಷ್ಟೂ ಹಿಡಿತ ಕೊಡುತ್ತದೆ. ಅಲ್ಲಿ ಗೆಲ್ಲಿಸುವುದು ಚಳಿಯಲ್ಲೂ ಸೆಟೆಯದ ರಬ್ಬರು, ಮೈಮೇಲಿನ ಕೂದಲೆಳೆ ಸೀಳುಗಳು, ಮೊಳೆಗಳು. ಇನ್ನು ಹಿಮದ ಮೇಲಾದರೆ ಟೈರಿನ ತೋಡುಗಳೊಳಗೆ ಹಿಮವೇ ತುಂಬಿಕೊಳ್ಳಬೇಕು, ಏಕೆಂದರೆ ಹಿಮ ಹಿಮವನ್ನು ಕಚ್ಚಿ ಹಿಡಿಯುವಷ್ಟು ರಬ್ಬರು ಹಿಡಿಯಲಾರದು! 1934ರಲ್ಲಿ ಫಿನ್‌ಲ್ಯಾಂಡಿನಲ್ಲಿ ಜಗತ್ತಿನ ಮೊದಲ ಚಳಿಗಾಲದ ಟೈರು ಹುಟ್ಟಿತು, ಹೆಸರು ಕೆಲಿರೆಂಗಾಸ್. ಅದು ಹುಟ್ಟಿದ್ದು ಕಾರಿಗಲ್ಲ, ಲಾರಿಗೆ. ಕಾರಿನ ಸರದಿ ಬಂದದ್ದು ಎರಡು ವರ್ಷ ಬಿಟ್ಟು.

ಗಾಳಿ ಇಳಿಸಿ ಹೆಜ್ಜೆ ಹಿಗ್ಗಿಸಿಕೊಂಡವರು ಡಾಂಬರಿಗೆ ಮರಳುವ ಮುನ್ನ ಅದನ್ನು ತುಂಬಲೇಬೇಕು. 3 ಪಿಎಸ್‌ಐನಲ್ಲಿ ರಸ್ತೆಗಿಳಿದರೆ ಗೋಡೆ ಮಡಚಿ ಮಡಚಿ ಕಾದು ಟೈರು ಹರಿದೇ ಹೋಗುತ್ತದೆ. ಆದ್ದರಿಂದ ಐಸ್‌ಲ್ಯಾಂಡಿನ ಹಿಮಗಾಡಿಗಳು ಗಾಳಿ ತುಂಬುವ ಕಂಪ್ರೆಸರನ್ನು ಸದಾ ಜೊತೆಯಲ್ಲೇ ಹೊತ್ತು ಹೋಗುತ್ತವೆ.